ಗೇಮ್ ಖಾತೆಗೆ ಕನ್ನ ಬಿದ್ದಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಆನ್‌ಲೈನ್ ಗೇಮ್ ಬಗ್ಗೆ ಬಂದ ಪತ್ರಗಳಲ್ಲಿ ‘ಹ್ಯಾಕ್ ಆಗಿದೆ’ ಎಂಬ ಮಾತು ಮತ್ತೆ ಮತ್ತೆ ಕಾಣಿಸಿತು. ಒಂದೊಂದನ್ನೂ ಬಿಡಿಸಿ ನೋಡಿದರೆ ಬೀಗ ಒಡೆದವರು ತೀರ ಕಡಿಮೆ. ಕೀಲಿಕೈಯನ್ನು ನಮ್ಮ ಕೈಯಿಂದಲೇ ಈಸಿಕೊಂಡವರೇ ಹೆಚ್ಚು. ಆ ಕೀಲಿಕೈ ಎಲ್ಲಿತ್ತು, ಹೇಗೆ ಹೋಯಿತು ಎಂದು ಗೊತ್ತಾದರೆ ಯಾವುದನ್ನು ಮೊದಲು ಭದ್ರ ಮಾಡಬೇಕು ಎಂಬುದೂ ಗೊತ್ತಾಗುತ್ತದೆ. ಬರೆದವರ ಹೆಸರು ಕೊಟ್ಟಿಲ್ಲ, ಬಡಾವಣೆ ಮಾತ್ರ ಇದೆ.

ಎಂಟನೇ ಕ್ಲಾಸಿನ ಮಗ ಫ್ರೀ ಫೈರ್ ಮ್ಯಾಕ್ಸ್ ಆಡುತ್ತಾನೆ. ಡೈಮಂಡ್ (ಆಟದೊಳಗಿನ ನಾಣ್ಯ) ಉಚಿತ ಎಂಬ ಲಿಂಕ್ ಗೆಳೆಯನ ವಾಟ್ಸ್‌ಆ್ಯಪ್‌ನಿಂದ ಬಂತು. ತೆರೆದು ಫೇಸ್‌ಬುಕ್ ಪಾಸ್‌ವರ್ಡ್ ಹಾಕಿದ. ಬೆಳಿಗ್ಗೆ ನೋಡಿದರೆ ಗೇಮ್ ತೆರೆಯುತ್ತಿಲ್ಲ, ಫೇಸ್‌ಬುಕ್ಕೂ ಇಲ್ಲ. ಆ ಫೇಸ್‌ಬುಕ್ ಖಾತೆ ನಮ್ಮ ಯಜಮಾನರದು. ಏನು ಮಾಡಲಿ?
*— ಗೃಹಿಣಿ, ರಾಜಾಜಿನಗರ*

ಮೊದಲು ಗೇಮ್ ಬಿಡಿ, ಇಮೇಲ್ ಹಿಡಿಯಿರಿ. ಫೇಸ್‌ಬುಕ್ ಖಾತೆಗೆ ಯಾವ ಇಮೇಲ್ ಜೋಡಿಸಿದೆಯೋ ಅದೇ ಇಡೀ ಮನೆಯ ಹೆಬ್ಬಾಗಿಲು. ಅದು ಇನ್ನೂ ನಿಮ್ಮ ಕೈಯಲ್ಲಿದ್ದರೆ ಉಳಿದದ್ದನ್ನೆಲ್ಲ ವಾಪಸ್ ಪಡೆಯುವ ದಾರಿ ಇದೆ. ಜಿಮೇಲ್ ಆಗಿದ್ದರೆ ಪಾಸ್‌ವರ್ಡ್ ಬದಲಿಸಿ, ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ‘ಯುವರ್ ಡಿವೈಸಸ್’ ತೆರೆದು ಗುರುತಿಲ್ಲದ ಫೋನು, ಕಂಪ್ಯೂಟರ್‌ಗಳನ್ನೆಲ್ಲ ಸೈನ್ ಔಟ್ ಮಾಡಿ. ಆಮೇಲೆ ಬಹಳ ಜನ ಮರೆಯುವ ಒಂದು ಕೆಲಸವಿದೆ. ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು ಸೆಟ್ಟಿಂಗ್ಸ್‌ನೊಳಗೆ ‘ಫಿಲ್ಟರ್ಸ್’ ಮತ್ತು ‘ಫಾರ್ವರ್ಡಿಂಗ್’ ಎರಡನ್ನೂ ನೋಡಿ. ಕಳ್ಳ ಒಳಗೆ ಬಂದಿದ್ದರೆ ಫೇಸ್‌ಬುಕ್‌ನಿಂದ ಬರುವ ಎಚ್ಚರಿಕೆಯ ಮೇಲ್‌ಗಳು ನೇರ ಟ್ರ್ಯಾಶ್‌ಗೆ ಹೋಗುವಂತೆ ಅಲ್ಲೊಂದು ಫಿಲ್ಟರ್ ಬರೆದಿಟ್ಟಿರುತ್ತಾನೆ. ಪಾಸ್‌ವರ್ಡ್ ಬದಲಿಸಿದರೂ ಆ ಫಿಲ್ಟರ್ ಹಾಗೇ ಉಳಿಯುತ್ತದೆ.

ಈಗ ಫೇಸ್‌ಬುಕ್. ಖಾತೆಯ ಇಮೇಲ್ ಬದಲಾದಾಗ ಹಳೆಯ ಇಮೇಲ್‌ಗೆ ‘ಇದು ನೀವಲ್ಲದಿದ್ದರೆ’ ಎಂದು ಒಂದು ಮೇಲ್ ಬರುತ್ತದೆ. ಸ್ಪ್ಯಾಮ್, ಟ್ರ್ಯಾಶ್ ಎರಡರಲ್ಲೂ ಹುಡುಕಿ. ಸಿಗದಿದ್ದರೆ ಬ್ರೌಸರ್‌ನಲ್ಲಿ ಫೇಸ್‌ಬುಕ್ ಡಾಟ್ ಕಾಮ್ ಎಂದು ನೀವೇ ಟೈಪ್ ಮಾಡಿ, ಮುಂದೆ ಸ್ಲ್ಯಾಶ್ ಹ್ಯಾಕ್ಡ್ ಎಂದು ಸೇರಿಸಿ. ನಿಮ್ಮ ಯಜಮಾನರು ಯಾವಾಗಲೂ ಫೇಸ್‌ಬುಕ್ ನೋಡುವ ಅದೇ ಫೋನಿನಿಂದ, ಅದೇ ಮನೆಯ ವೈಫೈನಿಂದ ಮಾಡಿ. ಹಳೆಯ ಪರಿಚಯದ ಫೋನು ಎಂದಾದರೆ ಕೆಲಸ ಸುಲಭವಾಗುತ್ತದೆ. ಖಾತೆ ಕೈಗೆ ಬಂದ ತಕ್ಷಣ ಟೂ ಫ್ಯಾಕ್ಟರ್ (ಪಾಸ್‌ವರ್ಡ್ ಜೊತೆಗೆ ಓಟಿಪಿಯಂಥ ಎರಡನೇ ಪರೀಕ್ಷೆ) ಹಾಕಿ, ಲಾಗಿನ್ ಆಗಿರುವ ಎಲ್ಲ ಕಡೆಯಿಂದ ಹೊರಗೆ ಹಾಕಿ.

ಗೇಮ್ ಖಾತೆ ಸಾಮಾನ್ಯವಾಗಿ ಇದರ ಹಿಂದೆಯೇ ಬರುತ್ತದೆ. ಬರದಿದ್ದರೆ ಗೇಮ್ ಕಂಪನಿ ಗರೆನಾದ ಸಹಾಯ ಪುಟಕ್ಕೆ ಬರೆಯಿರಿ. ಆಟಗಾರನ ಯುಐಡಿ ಸಂಖ್ಯೆ, ಮೊದಲು ಆಡಿದ ಅಂದಾಜು ತಿಂಗಳು, ಹಿಂದೆ ಏನಾದರೂ ಕೊಂಡಿದ್ದರೆ ಅದರ ರಸೀದಿ ಕೊಡಿ. ಗೂಗಲ್ ಪ್ಲೇ ರಸೀದಿಯಲ್ಲಿ ಆರ್ಡರ್ ಸಂಖ್ಯೆ ‘ಜಿಪಿಎ’ ಎಂಬ ಮೂರಕ್ಷರದಿಂದ ಶುರುವಾಗುತ್ತದೆ. ಖಾತೆ ನಿಮ್ಮದೆನ್ನಲು ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಇನ್ನು ಮಗನಿಗೆ ಕಲಿಸಬೇಕಾದದ್ದು: ಲಿಂಕ್ ಓದುವುದು. ಬೈದರೆ ಮುಂದಿನ ಸಲ ನಿಮಗೆ ಹೇಳುವುದಿಲ್ಲ ಅಷ್ಟೆ. ವೆಬ್ ವಿಳಾಸವನ್ನು ನಮ್ಮ ಬೆಂಗಳೂರಿನ ಮನೆ ವಿಳಾಸದಂತೆ ಓದಬೇಕು. ‘12ನೇ ನಂಬರ್, ಮಲ್ಲೇಶ್ವರ ಸ್ಟೋರ್ಸ್ ಎದುರು, 3ನೇ ಕ್ರಾಸ್, ಕೆಂಗೇರಿ’ ಎಂದಿದ್ದರೆ ಮನೆ ಮಲ್ಲೇಶ್ವರದಲ್ಲಿಲ್ಲ, ಕೆಂಗೇರಿಯಲ್ಲಿದೆ. ಹಾಗೆಯೇ ‘ಗರೆನಾ ಡಾಟ್ ಕಾಮ್ ಡಾಟ್ ಡೈಮಂಡ್‌ಫ್ರೀ ಡಾಟ್ ಎಕ್ಸ್‌ವೈಜೆಡ್’ ಎಂಬ ವಿಳಾಸದಲ್ಲಿ ಗರೆನಾ ಎಂಬ ಹೆಸರಿದ್ದರೂ ಅದು ಗರೆನಾದ ತಾಣವಲ್ಲ. ಎಚ್‌ಟಿಟಿಪಿಎಸ್ ಪಕ್ಕದ ಎರಡು ಸ್ಲ್ಯಾಶ್ ಬಿಟ್ಟು ಮುಂದೆ ಬರುವ ಮೊದಲ ಒಂಟಿ ಸ್ಲ್ಯಾಶ್ ಹುಡುಕಿ. ಅದಕ್ಕೆ ಅಂಟಿಕೊಂಡು ಎಡಕ್ಕಿರುವ ಎರಡು ತುಂಡುಗಳೇ ಸಾಮಾನ್ಯವಾಗಿ ಆ ತಾಣದ ಊರು (ಕೊನೆಯಲ್ಲಿ ‘ಗವ್ ಡಾಟ್ ಇನ್’, ‘ಕೋ ಡಾಟ್ ಇನ್’ ಇದ್ದರೆ ಮೂರು). ಇಲ್ಲಿ ‘ಡೈಮಂಡ್‌ಫ್ರೀ ಡಾಟ್ ಎಕ್ಸ್‌ವೈಜೆಡ್’. ಬೀಗದ ಚಿಹ್ನೆ ಕಂಡಿತೆಂದು ನಂಬಬೇಡಿ. ಆ ಬೀಗ ಹೇಳುವುದು ದಾರಿಯಲ್ಲಿ ಯಾರೂ ಕದ್ದು ಓದುವುದಿಲ್ಲ ಎಂಬುದನ್ನು ಮಾತ್ರ. ಆ ಕಡೆ ಕೂತವನು ಯಾರೆಂದು ಅದು ಹೇಳುವುದಿಲ್ಲ.

ಲಿಂಕ್ ಕಳಿಸಿದ ಗೆಳೆಯನ ಮನೆಗೂ ಒಂದು ಫೋನ್ ಮಾಡಿ. ಅವನ ಖಾತೆಯೂ ಹೋಗಿರುವ ಸಾಧ್ಯತೆ ಹೆಚ್ಚು. ಇಂಥ ಪುಟಗಳು ‘ಹತ್ತು ಜನಕ್ಕೆ ಕಳಿಸಿದರೆ ಡೈಮಂಡ್ ಬರುತ್ತದೆ’ ಎಂದು ಮಕ್ಕಳ ಕೈಯಿಂದಲೇ ಹರಡುತ್ತವೆ.

ಯೂಟ್ಯೂಬ್ ವಿಡಿಯೊದ ಕೆಳಗಿದ್ದ ಲಿಂಕ್‌ನಿಂದ ಒಂದು ಏಮ್ ಹ್ಯಾಕ್ (ಗುರಿ ತಾನೇ ಹಿಡಿಯುವ ಚೀಟ್ ತಂತ್ರಾಂಶ) ಇಳಿಸಿಕೊಂಡೆ. ಜಿಪ್ ಫೈಲ್‌ಗೆ ಪಾಸ್‌ವರ್ಡ್ ಇತ್ತು, ವಿಂಡೋಸ್‌ನ ಆ್ಯಂಟಿವೈರಸ್ ಡಿಫೆಂಡರ್ ಆಫ್ ಮಾಡಿ ಎಂದಿದ್ದರು, ಮಾಡಿದೆ. ರನ್ ಮಾಡಿದರೆ ಏನೂ ಆಗಲಿಲ್ಲ. ಎರಡು ಗಂಟೆಯಲ್ಲಿ ನನ್ನ ಡಿಸ್ಕಾರ್ಡ್ ಚಾಟ್‌ನಿಂದ ಎಲ್ಲರಿಗೂ ಲಿಂಕ್ ಹೋಗಿದೆ, ಸ್ಟೀಮ್ ಗೇಮ್ ಖಾತೆಯಲ್ಲಿದ್ದ ಸ್ಕಿನ್ (ಗನ್‌ಗಳ ಅಲಂಕಾರ) ಖಾಲಿ. ಪಾಸ್‌ವರ್ಡ್ ಬದಲಿಸಿದರೂ ಮತ್ತೆ ಒಳಗೆ ಬರುತ್ತಿದ್ದಾರೆ. ಟೂ ಫ್ಯಾಕ್ಟರ್ ಇದ್ದರೂ ಹೇಗೆ?
*— ಎಂಜಿನಿಯರಿಂಗ್ ವಿದ್ಯಾರ್ಥಿ, ಯಲಹಂಕ*

‘ಏನೂ ಆಗಲಿಲ್ಲ’ ಎಂದು ನಿಮಗೆ ಅನಿಸಿದ ಆ ಕೆಲವು ಸೆಕೆಂಡುಗಳಲ್ಲೇ ಎಲ್ಲ ಆಗಿಹೋಯಿತು. ನೀವು ಓಡಿಸಿದ್ದು ಇನ್ಫೋಸ್ಟೀಲರ್ ಎಂಬ ಜಾತಿಯ ಮಾಲ್‌ವೇರ್. ಲುಮಾ, ರೆಡ್‌ಲೈನ್ ಈ ಜಾತಿಯ ಹೆಸರಾಂತವು. ಲುಮಾ ಒಂದೇ 2025ರ ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗಿನ ಎರಡು ತಿಂಗಳಲ್ಲಿ ಜಗತ್ತಿನಾದ್ಯಂತ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರ್‌ಗಳಿಗೆ ತಗುಲಿದ್ದನ್ನು ಮೈಕ್ರೋಸಾಫ್ಟ್ ಗುರುತಿಸಿತ್ತು.

ಟೂ ಫ್ಯಾಕ್ಟರ್ ಯಾಕೆ ತಡೆಯಲಿಲ್ಲ ಎಂದರೆ, ಕಳ್ಳ ಬಾಗಿಲಿಗೇ ಬರಲಿಲ್ಲ. ನೀವು ಒಮ್ಮೆ ಲಾಗಿನ್ ಆದ ಮೇಲೆ ‘ಇವರು ಒಳಗೆ ಬಂದಾಗಿದೆ, ಮತ್ತೆ ಕೇಳಬೇಡ’ ಎಂಬ ಒಂದು ಚೀಟಿ ನಿಮ್ಮ ಕಂಪ್ಯೂಟರ್‌ನಲ್ಲಿ ಉಳಿಯುತ್ತದೆ. ಬ್ರೌಸರ್‌ನಲ್ಲಿ ಅದು ಕುಕಿ, ಡಿಸ್ಕಾರ್ಡ್‌ನಲ್ಲಿ ಟೋಕನ್. ಪಾಸ್‌ವರ್ಡ್ ಮತ್ತು ಓಟಿಪಿ ಎರಡೂ ಮುಗಿದ ಮೇಲೆ ಹುಟ್ಟುವ ಚೀಟಿ ಅದು. ಇನ್ಫೋಸ್ಟೀಲರ್ ಕದಿಯುವುದು ಅದನ್ನೇ, ಜೊತೆಗೆ ಬ್ರೌಸರ್‌ನಲ್ಲಿ ಸೇವ್ ಮಾಡಿದ ಪಾಸ್‌ವರ್ಡ್‌ಗಳನ್ನೂ. ರೋಬ್ಲಾಕ್ಸ್ ಎಂಬ ಆಟದವರು ತಮ್ಮ ಕುಕಿಯ ಮೊದಲಲ್ಲೇ ‘ಇದನ್ನು ಯಾರಿಗೂ ಕೊಡಬೇಡಿ’ ಎಂದು ದೊಡ್ಡಕ್ಷರದಲ್ಲಿ ಬರೆದಿದ್ದಾರೆ. ಅಷ್ಟು ಬೆಲೆ ಆ ಚೀಟಿಗೆ.

ಈಗ ಕ್ರಮವಾಗಿ ಹೀಗೆ ಮಾಡಿ. ಕ್ರಮ ತಪ್ಪಿದರೆ ಮಾಡಿದ ಕೆಲಸ ದಂಡ. ಮೊದಲು ಆ ಕಂಪ್ಯೂಟರ್‌ನ ನೆಟ್ ತೆಗೆಯಿರಿ. ಅದರಲ್ಲಿ ಕೂತು ಪಾಸ್‌ವರ್ಡ್ ಬದಲಿಸಬೇಡಿ. ನೀವು ಈಗಾಗಲೇ ಮಾಡಿದ ತಪ್ಪು ಬಹುಶಃ ಇದೇ: ಹೊಸ ಪಾಸ್‌ವರ್ಡ್ ಕೂಡ ಅಲ್ಲಿಂದಲೇ ಅವರಿಗೆ ಹೋಗಿದೆ. ಫೋನಿನಿಂದ ಇಮೇಲ್ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿ. ನಂತರ ಡಿಸ್ಕಾರ್ಡ್: ಅಲ್ಲಿ ಪಾಸ್‌ವರ್ಡ್ ಬದಲಿಸಿದರೆ ಹಳೆಯ ಟೋಕನ್‌ಗಳೆಲ್ಲ ಸತ್ತುಹೋಗುತ್ತವೆ.

ಸ್ಟೀಮ್‌ನಲ್ಲಿ ಮೂರು ಕಡೆ ಕೈಯಾಡಿಸಬೇಕು. ಪಾಸ್‌ವರ್ಡ್ ಬದಲಿಸಿ, ಸ್ಟೀಮ್ ಗಾರ್ಡ್ ಪುಟದಲ್ಲಿ ಉಳಿದೆಲ್ಲ ಸಾಧನಗಳನ್ನು ಡೀಆಥರೈಸ್ ಮಾಡಿ. ಆಮೇಲೆ ಟ್ರೇಡ್ ಯುಆರ್‌ಎಲ್ (ಸ್ಕಿನ್ ವಿನಿಮಯದ ಕೋರಿಕೆ ಕಳಿಸಲು ಇತರರು ಬಳಸುವ ಲಿಂಕ್) ಹೊಸದಾಗಿ ಮಾಡಿ. ಮೂರನೆಯದು ಎಪಿಐ ಕೀ, ಅಂದರೆ ಬೇರೊಂದು ಪ್ರೋಗ್ರಾಂ ನಿಮ್ಮ ಖಾತೆಯ ಟ್ರೇಡ್‌ಗಳನ್ನು ನೋಡಲು, ರದ್ದು ಮಾಡಲು ಬಳಸುವ ಗುಟ್ಟಿನ ಸಂಕೇತ. ಅದರ ಪುಟ ಸ್ಟೀಮ್ ಕಮ್ಯೂನಿಟಿ ತಾಣದಲ್ಲಿದೆ. ನೀವು ಯಾವತ್ತೂ ಎಪಿಐ ಕೀ ಮಾಡಿಲ್ಲದೆ ಅಲ್ಲೊಂದು ಕೀ ಕಂಡರೆ ಕಳ್ಳ ಹಾಕಿದ್ದು ಎಂದೇ ತಿಳಿಯಿರಿ. ಅದನ್ನಿಟ್ಟುಕೊಂಡು ನೀವು ಗೆಳೆಯನಿಗೆ ಕಳಿಸುವ ಟ್ರೇಡ್ ಅನ್ನು ರದ್ದು ಮಾಡಿ, ಅದೇ ಗೆಳೆಯನ ಹೆಸರು, ಫೋಟೊ ಹಾಕಿಕೊಂಡ ನಕಲಿ ಖಾತೆಯಿಂದ ಅಂಥದ್ದೇ ಟ್ರೇಡ್ ಎದುರಿಗಿಡುತ್ತಾನೆ. ಫೋನಿನಲ್ಲಿ ನೀವೇ ಒಪ್ಪಿಗೆ ಒತ್ತುತ್ತೀರಿ. ಆ ಕೀಯನ್ನು ರಿವೋಕ್, ಅಂದರೆ ರದ್ದು ಮಾಡಿ.

ಕಂಪ್ಯೂಟರ್ ವಿಷಯದಲ್ಲಿ ಅರ್ಧಂಬರ್ಧ ಸ್ವಚ್ಛ ಮಾಡುವುದನ್ನು ನಾವು ಒಪ್ಪುವುದಿಲ್ಲ. ಇಂಥವು ಡಿಫೆಂಡರ್‌ನ ‘ಎಕ್ಸ್‌ಕ್ಲೂಷನ್ಸ್’ (ಪರೀಕ್ಷಿಸದೆ ಬಿಡಬೇಕಾದವುಗಳ) ಪಟ್ಟಿಗೆ ಇಡೀ ಸಿ ಡ್ರೈವ್ ಅನ್ನೇ ಸೇರಿಸಿಬಿಡುವುದುಂಟು. ಆಗ ಸ್ಕ್ಯಾನ್ ಹಚ್ಚ ಹಸಿರು ತೋರಿಸುತ್ತದೆ, ಒಳಗೆ ರೋಗ ಹಾಗೇ ಇರುತ್ತದೆ. ಫೋಟೊ, ನೋಟ್ಸ್, ಪ್ರಾಜೆಕ್ಟ್ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ತೆಗೆದುಕೊಳ್ಳಿ. ಹೆಸರಿನ ಕೊನೆಯಲ್ಲಿ ಇಎಕ್ಸ್‌ಇ, ಎಸ್‌ಸಿಆರ್, ಜಿಪ್ ಎಂದಿರುವ ಫೈಲ್ ಒಂದನ್ನೂ ತರಬೇಡಿ. ನಂತರ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ‘ರೀಸೆಟ್ ದಿಸ್ ಪಿಸಿ’, ‘ರಿಮೂವ್ ಎವ್ರಿಥಿಂಗ್’. ‘ಕ್ಲೌಡ್ ಡೌನ್‌ಲೋಡ್’ ಆಯ್ಕೆ ಮಾಡಿ. ಸುಮಾರು 4 ಜಿಬಿ ಇಳಿಯುತ್ತದೆ, ಹಾಗಾಗಿ ಈ ಹಂತದಲ್ಲಿ ಮಾತ್ರ ನೆಟ್ ಕೊಡಿ. ಹೊಸ ವಿಂಡೋಸ್ ಬಂದ ಮೇಲೆ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ (ಇಎಕ್ಸ್‌ಇಯಂಥ ಆ ಕೊನೆಯ ಅಕ್ಷರಗಳು) ಕಾಣುವಂತೆ ಮಾಡಿಕೊಳ್ಳಿ.

ಮುಂದಿನ ಸಲಕ್ಕೆ ಆ ಜಿಪ್ಪನ್ನೇ ನೆನಪಿಟ್ಟುಕೊಳ್ಳಿ. ಅದಕ್ಕೆ ಪಾಸ್‌ವರ್ಡ್ ಹಾಕಿದ್ದು ನಿಮ್ಮ ಭದ್ರತೆಗಲ್ಲ, ಬ್ರೌಸರ್ ಮತ್ತು ಆ್ಯಂಟಿವೈರಸ್ ಒಳಗೆ ಇಣುಕದಿರಲಿ ಎಂದು. ಬಿಚ್ಚಿದಾಗ ಪುಟ್ಟ ಚೀಟ್ ಒಂದು 700 ಎಂಬಿ ತೂಗುತ್ತಿದ್ದರೆ ಅದೂ ಒಂದು ಗುರುತು. ಸ್ಕ್ಯಾನರ್‌ಗಳು ತುಂಬ ದೊಡ್ಡ ಫೈಲ್‌ಗಳನ್ನು ಬಿಟ್ಟುಬಿಡುತ್ತವೆಂದು ಖಾಲಿ ಸೊನ್ನೆಗಳನ್ನು ತುರುಕಿ ಉಬ್ಬಿಸಿರುತ್ತಾರೆ. ಚೀಟ್ ಮುಟ್ಟದವರೂ ಪೂರ್ತಿ ಪಾರಲ್ಲ. 2023ರ ಜೂನ್‌ನಲ್ಲಿ ಮೈನ್‌ಕ್ರಾಫ್ಟ್ ಆಡುವವರು ನಂಬುವ ಕರ್ಸ್‌ಫೋರ್ಜ್ ತಾಣದ ಕೆಲವು ಮಾಡ್‌ಗಳಲ್ಲೇ (ಆಟಕ್ಕೆ ಬೇರೆಯವರು ಬರೆದ ಸೇರ್ಪಡೆಗಳು) ‘ಫ್ರಾಕ್ಚರೈಸರ್’ ಎಂಬ ಇಂಥದ್ದೇ ಮಾಲ್‌ವೇರ್ ಸೇರಿಕೊಂಡಿತ್ತು. ಹೊಸ ಮಾಡ್ ಬಂದ ದಿನವೇ ಹಾಕಿಕೊಳ್ಳಲು ಓಡಬೇಡಿ, ಒಂದೆರಡು ವಾರ ಬಿಡಿ.

ಮೊಮ್ಮಗ ನನ್ನ ಫೋನಿನಲ್ಲಿ ಆಡುತ್ತಾನೆ. ತಿಂಗಳ ಕೊನೆಗೆ ಪಾಸ್‌ಬುಕ್ ಎಂಟ್ರಿ ಹಾಕಿಸಿದರೆ ಸಣ್ಣಸಣ್ಣ ಮೊತ್ತವಾಗಿ 18,400 ರೂಪಾಯಿ ಹೋಗಿದೆ. ನಾನು ಪಿನ್ ಯಾರಿಗೂ ಹೇಳಿಲ್ಲ. ವಂಚನೆ ಎಂದು ದೂರು ಕೊಡಲೇ?
*— ನಿವೃತ್ತ ಶಿಕ್ಷಕರು, ಬಸವನಗುಡಿ*

ವಂಚನೆ ಎಂದು ಬರೆಯಬೇಡಿ ಸಾರ್. ಮೊಮ್ಮಗ ಕೊಂಡದ್ದನ್ನು ಹೊರಗಿನವರು ಕದ್ದರೆಂದು ಬ್ಯಾಂಕಿಗೆ ದೂರಿದರೆ ತನಿಖೆಯಲ್ಲಿ ನಿಮ್ಮದೇ ಫೋನ್ ಕಾಣುತ್ತದೆ, ನಿಮ್ಮ ಗೂಗಲ್ ಖಾತೆಗೂ ತೊಂದರೆಯಾಗಬಹುದು. ಗೂಗಲ್ ಪ್ಲೇ ಮರುಪಾವತಿ ಪುಟದಲ್ಲಿ ಮನೆಯವರು ಅನುಮತಿಯಿಲ್ಲದೆ ಕೊಂಡರು ಎಂಬುದಕ್ಕೇ ಒಂದು ಕಾರಣದ ಆಯ್ಕೆ ಇದೆ, ಅದನ್ನೇ ಆರಿಸಿ. ಖರೀದಿಯಾಗಿ 48 ಗಂಟೆಯೊಳಗಾದರೆ ಹಣ ಬರುವ ಸಾಧ್ಯತೆ ಚೆನ್ನಾಗಿದೆ. ಅದಕ್ಕಿಂತ ಹಳೆಯವಕ್ಕೆ ಗೇಮ್ ಕಂಪನಿಗೇ ನೇರ ಬರೆಯಬೇಕು. ಎಲ್ಲ ವಾಪಸ್ ಬರುತ್ತದೆ ಎಂಬ ಭರವಸೆ ನಾವು ಕೊಡಲಾರೆವು. ಯಾರೂ ಕೊಂಡದ್ದಲ್ಲ, ನಿಜಕ್ಕೂ ಅಪರಿಚಿತರ ಕೈವಾಡ ಎಂದಾದರೆ ಮಾತ್ರ ಪ್ಲೇನಲ್ಲಿ 120 ದಿನದೊಳಗೆ ದೂರಲು ಬೇರೆಯೇ ಅರ್ಜಿ ಇದೆ.

ಪಿನ್ ಇಲ್ಲದೆ ಹಣ ಹೋಗುವ ದಾರಿ ಮೂರು. ಒಂದು, ಯುಪಿಐ ಲೈಟ್ ಎಂಬ, ಯುಪಿಐ ಆ್ಯಪ್‌ನೊಳಗಿನ ಪುಟ್ಟ ಪರ್ಸ್. ಅದಕ್ಕೆ ಪಿನ್ ಬೇಕಿಲ್ಲ. ಒಂದು ಸಲಕ್ಕೆ 1,000 ರೂಪಾಯಿವರೆಗೆ, ಒಳಗಿಡಬಹುದಾದ ಮೊತ್ತ 5,000ವರೆಗೆ. ಖಾಲಿಯಾದಾಗ ತಾನೇ ತುಂಬಿಕೊಳ್ಳುವ ಆಟೊ ಟಾಪ್‌ಅಪ್ ಹಾಕಿದ್ದರೆ 5,000ದ ಮಿತಿ ಇದ್ದೂ ಇಲ್ಲದಂತೆ. ಎರಡು, ಆಟೊಪೇ. ಮೊದಲ ಸಲ ಒಪ್ಪಿಗೆ ಕೊಟ್ಟ ಮೇಲೆ 15,000ದವರೆಗಿನ ಕಂತುಗಳಿಗೆ ಮತ್ತೆ ಪಿನ್ ಕೇಳುವುದಿಲ್ಲ. ನಿಮ್ಮ ಯುಪಿಐ ಆ್ಯಪ್‌ನ ಆಟೊಪೇ ಪಟ್ಟಿ ತೆರೆದು ಗುರುತಿಲ್ಲದವನ್ನು ರದ್ದು ಮಾಡಿ. ಮೂರು, ಪ್ಲೇ ಸ್ಟೋರ್‌ನಲ್ಲಿ ಸೇವ್ ಆಗಿರುವ ಕಾರ್ಡ್ ಅಥವಾ ಪ್ಲೇ ಬ್ಯಾಲೆನ್ಸ್.

ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವ ಆಯ್ಕೆ ಇದೆ, ಹಾಕಿ. ಆದರೆ ಬಹಳ ಮನೆಗಳಲ್ಲಿ ಇಲ್ಲೇ ಎಡವುತ್ತಾರೆ. ‘ತಾತಾ, ನನ್ನ ಬೆರಳೂ ಹಾಕಿಕೊಡು’ ಎಂದು ಮೊಮ್ಮಗ ಯಾವತ್ತೋ ತನ್ನ ಬೆರಳಚ್ಚನ್ನು ಫೋನಿಗೆ ಸೇರಿಸಿರುತ್ತಾನೆ. ಪ್ಲೇ ಸ್ಟೋರ್‌ಗೆ ಯಾರ ಬೆರಳಾದರೂ ಒಂದೇ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಎಷ್ಟು ಬೆರಳಚ್ಚು ಇದೆ ಎಂದು ಎಣಿಸಿ, ನಿಮ್ಮದಲ್ಲದ್ದನ್ನು ತೆಗೆಯಿರಿ. ಪ್ಲೇ ಸ್ಟೋರ್‌ನಲ್ಲಿ ‘ಬಜೆಟ್’ ಎಂದೊಂದಿದೆ. ಅದು ಖರ್ಚು ಮಿತಿ ದಾಟಿದಾಗ ತಿಳಿಸುತ್ತದೆಯೇ ಹೊರತು ತಡೆಯುವುದಿಲ್ಲ. ಹುಡುಗನಿಗೆ ಏನಾದರೂ ಕೊಡಿಸಲೇಬೇಕೆಂದರೆ ನಿಗದಿ ಮೊತ್ತದ ಪ್ಲೇ ಗಿಫ್ಟ್ ಕೋಡ್ ಕೊಡಿಸಿ, ಕಾರ್ಡ್ ತೆಗೆದುಹಾಕಿ. ಅದು ಖಾಲಿಯಾದರೆ ಆಟದ ಅಂಗಡಿಯೂ ಮುಚ್ಚಿದಂತೆ.

ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಆಟದ ಐಡಿ 6,000 ರೂಪಾಯಿಗೆ ಮಾರಾಟಕ್ಕಿದೆ, ಒಳ್ಳೆಯ ಗನ್ ಸ್ಕಿನ್ ಇವೆ. ಕೊಳ್ಳಬಹುದೇ?
*— ಪಿಯುಸಿ ವಿದ್ಯಾರ್ಥಿ, ಬನಶಂಕರಿ*

ಬೇಡ. ಖಾತೆ ಮೊದಲು ತೆರೆದ ಇಮೇಲ್ ಅಥವಾ ನಂಬರ್ ಮಾರಿದವನ ಬಳಿಯೇ ಇರುತ್ತದೆ. ವಾರ ಬಿಟ್ಟು ‘ಖಾತೆ ಕಳೆದುಹೋಗಿದೆ’ ಎಂದು ಅರ್ಜಿ ಹಾಕಿ ವಾಪಸ್ ಪಡೆದು ಇನ್ನೊಬ್ಬನಿಗೆ ಮಾರುತ್ತಾನೆ. ಖಾತೆ ಮಾರುವುದು, ಕೊಳ್ಳುವುದು ಎರಡೂ ಗೇಮ್ ನಿಯಮಕ್ಕೆ ವಿರುದ್ಧವಾದ್ದರಿಂದ ಕಂಪನಿ ನಿಮ್ಮ ಪರ ನಿಲ್ಲುವುದಿಲ್ಲ. ‘ಹಣ ಕಳಿಸಿದ್ದೇನೆ, ಪಡೆಯಲು ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಎಂದು ಮಾರುವವರನ್ನೇ ಬೀಳಿಸುವ ಗುಂಪೂ ಇಲ್ಲೇ ಇದೆ. ಹಣ ಪಡೆಯಲು ಯುಪಿಐ ಪಿನ್ ಎಂದೂ ಬೇಕಿಲ್ಲ.

ಗೇಮ್‌ನಲ್ಲಿ ಪರಿಚಯವಾದವನು ‘ಆಟದಲ್ಲಿ ಗೆದ್ದ ನನ್ನ ವಿತ್‌ಡ್ರಾವಲ್ ಹಣ ನಿನ್ನ ಅಕೌಂಟ್‌ಗೆ ಬರಲಿ, ನೂರಕ್ಕೆ ಐದು ನಿನಗೆ’ ಎಂದ. ನಾಲ್ಕು ಸಲ ಬಂತು, ಕಳಿಸಿಕೊಟ್ಟೆ. ಈಗ ಸಂಬಳದ ಖಾತೆಯೇ ಫ್ರೀಜ್ ಆಗಿದೆ.
*— ಡೆಲಿವರಿ ಕೆಲಸದವರು, ಮಾರತಹಳ್ಳಿ*

ನಿಮ್ಮ ಖಾತೆಯನ್ನು ‘ಮ್ಯೂಲ್’ ಖಾತೆಯಾಗಿ ಬಳಸಿದ್ದಾರೆ. ಬೇರೆಲ್ಲೋ ವಂಚನೆಗೊಳಗಾದವರ ಹಣ ನಿಮ್ಮ ಮೂಲಕ ಹಾದುಹೋಗಿದೆ. ಅವರು ದೂರು ಕೊಟ್ಟಾಗ ಹಣ ಹೋದ ಸರಪಣಿಯ ಒಂದೊಂದು ಖಾತೆಯನ್ನೂ ತಡೆಹಿಡಿಯುತ್ತಾರೆ.

ಬ್ಯಾಂಕಿನ ಶಾಖೆಗೆ ಹೋಗಿ ಮೂರು ವಿಷಯ ಲಿಖಿತವಾಗಿ ಕೇಳಿ: ದೂರಿನ ಸ್ವೀಕೃತಿ ಸಂಖ್ಯೆ, ತಡೆ ಕೇಳಿದ ಠಾಣೆ ಯಾವುದು, ವಿವಾದದ ಮೊತ್ತ ಎಷ್ಟು. ಆ ಠಾಣೆ ಬೇರೆ ರಾಜ್ಯದ್ದೂ ಆಗಿರಬಹುದು. ಅವನೊಂದಿಗಿನ ಚಾಟ್ ಪೂರ್ತಿ ಉಳಿಸಿಕೊಳ್ಳಿ, ನಾಚಿಕೆಯಿಂದ ಅಳಿಸಬೇಡಿ. ನೀವು ಕಮಿಷನ್ ತೆಗೆದುಕೊಂಡಿರುವುದರಿಂದ ಪ್ರಕರಣದಲ್ಲಿ ನಿಮ್ಮನ್ನೂ ಆರೋಪಿ ಮಾಡಬಹುದು. ಠಾಣೆಗೆ ಉತ್ತರ ಕೊಡುವ ಮುನ್ನ ವಕೀಲರನ್ನು ಕಾಣಿ. ಶುಲ್ಕ ಕೊಡುವ ಶಕ್ತಿ ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಕೇಳಿ. ವಿವಾದದ ಮೊತ್ತಕ್ಕೆ ಮಾತ್ರ ತಡೆ ಇಟ್ಟು ಉಳಿದದ್ದನ್ನು ಬಿಡುವಂತೆ ಅರ್ಜಿ ಹಾಕಬಹುದು. ಸಂಬಳ ಎಂಬುದಕ್ಕೆ ಪೇ ಸ್ಲಿಪ್ ಲಗತ್ತಿಸಿ. ‘ನಾನೇ ಅನ್‌ಫ್ರೀಜ್ ಮಾಡಿಸುತ್ತೇನೆ, ಹಣ ಕಳಿಸು’ ಎಂದು ಫೋನ್ ಬಂದರೆ ಅದು ಎರಡನೇ ಬಲೆ.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ಅಂಥ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡವನ್ನು ಅದು ಹೇಳುತ್ತದೆ. ಬರೀ ಆಡಿದವರಿಗೆ ಅದರಲ್ಲಿ ಶಿಕ್ಷೆಯಿಲ್ಲ. ಆದರೆ ಖಾತೆ ಬಾಡಿಗೆಗೆ ಕೊಡುವುದು ಆಡುವುದಲ್ಲ. ಈ ಹಣಕ್ಕೆ ನೇರ ದಾರಿ ಇಲ್ಲವೆಂದೇ ನಿಮ್ಮಂಥವರ ಖಾತೆ ಹುಡುಕಿಕೊಂಡು ಬರುತ್ತಾರೆ.

ಕೋರಮಂಗಲದ ಗೇಮಿಂಗ್ ಕೆಫೆಯಲ್ಲಿ ವಾರಕ್ಕೆರಡು ದಿನ ಆಡುತ್ತೇವೆ. ಏನು ಜಾಗ್ರತೆ?
*— ಗೆಳೆಯರ ತಂಡ, ಈಜಿಪುರ*

ಕೀಬೋರ್ಡ್‌ನಲ್ಲಿ ಪಾಸ್‌ವರ್ಡ್ ಒತ್ತಲೇಬೇಡಿ. ಸ್ಟೀಮ್‌ನ ಲಾಗಿನ್ ಪರದೆಯಲ್ಲಿ ಕ್ಯೂಆರ್ ಬರುತ್ತದೆ, ಫೋನಿನ ಸ್ಟೀಮ್ ಆ್ಯಪ್‌ನಿಂದ ಸ್ಕ್ಯಾನ್ ಮಾಡಿ. ಒತ್ತಿದ ಕೀಗಳನ್ನು ಕದ್ದು ಬರೆದುಕೊಳ್ಳುವ ಕೀಲಾಗರ್ ಇದ್ದರೂ ಅದಕ್ಕೆ ಸಿಗುವುದು ಏನೂ ಇಲ್ಲ. ಆದರೆ ಇದೇ ಕ್ಯೂಆರ್ ಅನ್ನು ಡಿಸ್ಕಾರ್ಡ್‌ನಲ್ಲಿ ಯಾರಾದರೂ ‘ವೆರಿಫೈ ಆಗಲು ಸ್ಕ್ಯಾನ್ ಮಾಡಿ’ ಎಂದು ಕಳಿಸಿದರೆ ಮುಟ್ಟಬಾರದು. ಸ್ಕ್ಯಾನ್ ಮಾಡಿ ಒಪ್ಪಿದರೆ ಅವನ ಕಂಪ್ಯೂಟರ್‌ನಲ್ಲಿ ನಿಮ್ಮ ಖಾತೆ ತೆರೆದುಕೊಳ್ಳುತ್ತದೆ. ಕ್ಯೂಆರ್ ನಿಮ್ಮ ಎದುರಿನ ಪರದೆಯಲ್ಲಿ, ನೀವೇ ತೆರೆದ ಆ್ಯಪ್‌ನಲ್ಲಿ ಇರಬೇಕು.

ಬ್ರೌಸರ್ ಒಳಗೆ ಪುಟಿದು ಬರುವ ಲಾಗಿನ್ ಕಿಟಕಿಗೆ ಒಂದು ಪರೀಕ್ಷೆ ಇದೆ. ಅದರ ತಲೆಪಟ್ಟಿ ಹಿಡಿದು ಬ್ರೌಸರ್‌ನ ಅಂಚಿನಾಚೆಗೆ ಎಳೆಯಿರಿ. ನಿಜವಾದ ಕಿಟಕಿ ಆಚೆ ಬರುತ್ತದೆ. ಪುಟದ ಮೇಲೆ ಬರೆದ ಚಿತ್ರವಾದರೆ ಅಂಚಿನಲ್ಲೇ ಸಿಕ್ಕಿಕೊಳ್ಳುತ್ತದೆ ಅಥವಾ ತುಂಡಾಗಿ ಕಾಣುತ್ತದೆ. ಅದರ ಮೇಲಿನ ವಿಳಾಸ, ಬೀಗ ಎಲ್ಲವೂ ಬರೀ ಚಿತ್ರ. ಎದ್ದು ಹೊರಡುವಾಗ ಲಾಗ್ ಔಟ್ ಮಾಡಿ, ಮೆಟ್ರೊದಲ್ಲಿ ಕೂತು ಆ್ಯಪ್‌ನಿಂದ ಇನ್ನೊಮ್ಮೆ ಪರೀಕ್ಷಿಸಿ.

ವಾಯ್ಸ್ ಚಾಟ್‌ನಲ್ಲಿ ಜಗಳವಾಗಿ ಒಬ್ಬ ‘ನಿನ್ನ ಐಪಿ ಸಿಕ್ಕಿದೆ, ಮನೆಗೆ ಬರ್ತೀನಿ’ ಎಂದ. ಆಮೇಲೆ ನೆಟ್ ಕೂಡ ಕಟ್ ಆಗುತ್ತಿದೆ.
*— ಐಟಿಐ ವಿದ್ಯಾರ್ಥಿ, ಪೀಣ್ಯ*

ನೆಟ್‌ನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆಯಾದ ಐಪಿ ವಿಳಾಸದಿಂದ ಸಾಮಾನ್ಯರಿಗೆ ಸಿಗುವುದು ನೆಟ್ ಕಂಪನಿಯ ಹೆಸರು ಮತ್ತು ಊರು. ಮನೆ ನಂಬರ್ ಗೊತ್ತಿರುವುದು ಕಂಪನಿಗೆ, ಕೇಳಿ ಪಡೆಯುವ ಅಧಿಕಾರ ಪೊಲೀಸರಿಗೆ. ನೀವೇ ಪ್ರೊಫೈಲ್‌ನಲ್ಲಿ ಕಾಲೇಜು, ಏರಿಯಾ, ಇನ್‌ಸ್ಟಾಗ್ರಾಮ್ ಹೆಸರು ಹಾಕಿದ್ದರೆ ಅದೇ ನಿಜವಾದ ಅಪಾಯ. ಅದನ್ನು ಇವತ್ತೇ ತೆಗೆಯಿರಿ.

ನೆಟ್ ಕಟ್ ಆಗುವುದು ಡಿಡಾಸ್ ದಾಳಿಯೂ (ಹಲವು ಕಡೆಯಿಂದ ಒಟ್ಟಿಗೆ ನಕಲಿ ಸಂಚಾರ ನುಗ್ಗಿಸಿ ಸಂಪರ್ಕ ಮುಳುಗಿಸುವುದು) ಇರಬಹುದು, ಬರೀ ಕೇಬಲ್ ತೊಂದರೆಯೂ ಇರಬಹುದು. ರೂಟರ್‌ನ ಪುಟದಲ್ಲಿ ವ್ಯಾನ್ ಐಪಿ (ಹೊರಗಿನ ನೆಟ್ ಕಡೆಯ ವಿಳಾಸ) ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾಗಿದ್ದರೆ ನೀವು ಹತ್ತಾರು ಮನೆಗಳೊಂದಿಗೆ ಒಂದೇ ಹೊರ ವಿಳಾಸ ಹಂಚಿಕೊಂಡಿದ್ದೀರಿ. ನಿಮ್ಮೊಬ್ಬರನ್ನೇ ಗುರಿಯಿಡುವುದು ಕಷ್ಟ. ಇಲ್ಲದಿದ್ದರೆ ರೂಟರ್ ಆರಿಸಿ ಕೆಲವು ನಿಮಿಷ ಬಿಟ್ಟು ಹಾಕಿ, ಬಹುತೇಕ ಮನೆ ಸಂಪರ್ಕಗಳಲ್ಲಿ ವಿಳಾಸ ಬದಲಾಗುತ್ತದೆ. ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಇನ್ನೂ ‘ಅಡ್ಮಿನ್’ ಎಂದೇ ಇದ್ದರೆ ಬದಲಿಸಿ, ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಒತ್ತದೆ ವೈಫೈಗೆ ಜೋಡಿಸುವ ಸೌಲಭ್ಯ) ಆಫ್ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಪ್ರೈವಸಿ, ಅಡ್ವಾನ್ಸ್ಡ್ ಒಳಗೆ ಕರೆಗಳಲ್ಲಿ ಐಪಿ ಮರೆಮಾಡುವ ಆಯ್ಕೆ ಇದೆ, ಹಾಕಿಕೊಳ್ಳಿ.

ಆಟಗಾರರ ಕಂಪ್ಯೂಟರ್‌ಗಳನ್ನೇ ನೇರ ಬೆಸೆಯುವ ಹಳೆಯ ಪಿಸಿ ಆಟಗಳಲ್ಲಿ ಐಪಿ ಹೊರಬೀಳುವುದಷ್ಟೇ ಅಲ್ಲ, ಇನ್ನೂ ಕೆಟ್ಟದ್ದು ನಡೆದಿದೆ. 2009ರ ಕಾಲ್ ಆಫ್ ಡ್ಯೂಟಿ ಮಾಡರ್ನ್ ವಾರ್‌ಫೇರ್ 2ರ ಆನ್‌ಲೈನ್ ಆಟದಲ್ಲಿ 2023ರ ಜುಲೈನಲ್ಲಿ ತಾನೇ ಹರಡುವ ವರ್ಮ್ ಎಂಬ ಮಾಲ್‌ವೇರ್ ಕಾಣಿಸಿಕೊಂಡಿತ್ತು. ಅಪ್‌ಡೇಟ್ ನಿಂತುಹೋದ ಆಟವನ್ನು ಗುರುತಿನವರ ಜೊತೆ ಮಾತ್ರ ಆಡಿ.

ಜಿಟಿಎ 6 ಆಟದ ಮೊಬೈಲ್ ಬೀಟಾ ಎಪಿಕೆ (ಆ್ಯಂಡ್ರಾಯ್ಡ್ ಆ್ಯಪ್ ಫೈಲ್) ಸಿಕ್ಕಿದೆ. ಹಾಕಿಕೊಳ್ಳಲೇ?
*— ಓದುಗ, ಹೆಬ್ಬಾಳ*

ತಯಾರಕ ಕಂಪನಿ ರಾಕ್‌ಸ್ಟಾರ್ ಆ ಆಟವನ್ನು ಘೋಷಿಸಿರುವುದು ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಗೇಮ್ ಯಂತ್ರಗಳಿಗೆ. ನಿಮಗೆ ಸಿಕ್ಕಿರುವುದು ನಕಲಿ. ಹಾಕಿಯಾಗಿದ್ದರೆ ಅಕ್ಸೆಸಿಬಿಲಿಟಿ, ಎಸ್‌ಎಂಎಸ್, ‘ಡಿಸ್‌ಪ್ಲೇ ಓವರ್ ಅದರ್ ಆ್ಯಪ್ಸ್’ ಈ ಮೂರರಲ್ಲಿ ಯಾವ ಅನುಮತಿ ಕೊಟ್ಟಿದ್ದೀರಿ ನೋಡಿ. ಈ ಮೂರೂ ಸಿಕ್ಕಿದ ಆ್ಯಪ್ ನಿಮ್ಮ ಓಟಿಪಿ ಓದಿ, ಬ್ಯಾಂಕ್ ಆ್ಯಪ್ ಮೇಲೆ ನಕಲಿ ಪರದೆ ಎಳೆದು, ನಿಮ್ಮ ಬದಲು ಗುಂಡಿ ಒತ್ತಬಲ್ಲದು. ಏರೋಪ್ಲೇನ್ ಮೋಡ್ ಹಾಕಿ, ಅನುಮತಿ ಹಿಂತೆಗೆದು, ಆ್ಯಪ್ ಅಳಿಸಿ. ಅಳಿಸಲು ಬಿಡದಿದ್ದರೆ ಸೇಫ್ ಮೋಡ್‌ನಲ್ಲಿ ತೆಗೆಯಿರಿ, ಇಲ್ಲವೇ ಫ್ಯಾಕ್ಟರಿ ರೀಸೆಟ್. ಬ್ಯಾಂಕಿಗೆ ಬೇರೆ ಫೋನಿನಿಂದ ತಿಳಿಸಿ. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಯುಪಿಐ ವಹಿವಾಟಿನ 12 ಅಂಕಿಯ ಸಂಖ್ಯೆ, ಮೊತ್ತ, ಸಮಯ ಕೈಯಲ್ಲಿರಲಿ. ಮೊದಲ ಒಂದೆರಡು ಗಂಟೆಯಲ್ಲಿ ಕರೆ ಹೋದರೆ ಹಣ ಮುಂದಿನ ಖಾತೆಗೆ ಜಿಗಿಯುವ ಮುನ್ನ ತಡೆಯಬಹುದು. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು ಪೂರ್ತಿ ಮಾಡಿ.

ಮಗಳಿಗೆ 12 ವರ್ಷ. ರೋಬ್ಲಾಕ್ಸ್‌ನಲ್ಲಿ ಪರಿಚಯವಾದ ಯಾರೋ ರೋಬಕ್ಸ್ (ಆ ಆಟದ ನಾಣ್ಯ) ಕೊಡುತ್ತೇನೆಂದು ವಾಟ್ಸ್‌ಆ್ಯಪ್‌ಗೆ ಕರೆದು ಫೋಟೊ ಕೇಳಿದ್ದಾರೆ. ಒಂದು ಕಳಿಸಿದ್ದಾಳೆ. ಈಗ ಇನ್ನೂ ಬೇಕೆಂದು ಹೆದರಿಸುತ್ತಿದ್ದಾರೆ. ಕೈಕಾಲೇ ಆಡುತ್ತಿಲ್ಲ.
*— ತಾಯಿ, ಜೆ.ಪಿ. ನಗರ*

ಅಮ್ಮಾ, ಮಗಳು ನಿಮಗೆ ಹೇಳಿದ್ದಾಳಲ್ಲ, ಅದೇ ಅವಳನ್ನು ಕಾಪಾಡುವುದು. ‘ತಪ್ಪು ನಿನ್ನದಲ್ಲ’ ಎಂದು ಅವಳಿಗೆ ಬಾಯಿಬಿಟ್ಟು ಹೇಳಿ. ಫೋನ್ ಕಿತ್ತುಕೊಳ್ಳುವ ಕೆಲಸ ಇವತ್ತು ಬೇಡ.

ಬ್ಲಾಕ್ ಮಾಡುವ ಮುನ್ನ ಸಾಕ್ಷಿ ತೆಗೆಯಿರಿ. ವಾಟ್ಸ್‌ಆ್ಯಪ್ ನಂಬರ್ ಕಾಣುವಂತೆ, ದಿನಾಂಕ ಸಮಯ ಕಾಣುವಂತೆ ಬೆದರಿಕೆಯ ಸ್ಕ್ರೀನ್‌ಶಾಟ್. ರೋಬ್ಲಾಕ್ಸ್ ಪ್ರೊಫೈಲ್ ಅನ್ನು ಬ್ರೌಸರ್‌ನಲ್ಲಿ ತೆರೆದರೆ ವಿಳಾಸದಲ್ಲಿ ಒಂದು ಸಂಖ್ಯೆ ಇರುತ್ತದೆ, ಅದನ್ನು ಬರೆದುಕೊಳ್ಳಿ. ಹೆಸರು ಬದಲಿಸಿದರೂ ಆ ಸಂಖ್ಯೆ ಬದಲಾಗುವುದಿಲ್ಲ. ಫೋಟೊ ಖಾಸಗಿಯಾದದ್ದಾದರೆ ಅದನ್ನು ಸಾಕ್ಷಿಗೆಂದು ಕೂಡ ನೆಂಟರಿಗೆ, ಗೆಳತಿಯರಿಗೆ ಫಾರ್ವರ್ಡ್ ಮಾಡಬೇಡಿ. ಮಕ್ಕಳ ಅಂಥ ಚಿತ್ರ ರವಾನಿಸುವುದೇ ಐಟಿ ಕಾಯ್ದೆಯ 67ಬಿ ಅಡಿ ಅಪರಾಧ. ಫೋನನ್ನೇ ಪೊಲೀಸರಿಗೆ ತೋರಿಸಿ. ಇನ್ನೊಂದು ಫೋಟೊವಾಗಲಿ, ಒಂದು ರೂಪಾಯಿಯಾಗಲಿ ಕೊಡಬೇಡಿ. ಕೊಟ್ಟಷ್ಟೂ ಕೇಳುತ್ತಾರೆ.

ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳ ವಿಭಾಗವೇ ಬೇರೆ ಇದೆ, ಹೆಸರು ಹೇಳದೆಯೂ ದೂರು ಕೊಡಬಹುದು. ಆದರೆ ಬೆದರಿಕೆ ನಡೆಯುತ್ತಿರುವಾಗ ಹೆಸರು ಕೊಟ್ಟು ಠಾಣೆಗೆ ಹೋಗುವುದೇ ಮೇಲು. ‘ನಮ್ಮ ವ್ಯಾಪ್ತಿಯಲ್ಲ’ ಎಂದರೆ ಝೀರೋ ಎಫ್‌ಐಆರ್ ಕೇಳಿ. ಯಾವ ಠಾಣೆಯಾದರೂ ದಾಖಲಿಸಿಕೊಳ್ಳಬೇಕು. ಪೋಕ್ಸೊ ಕಾಯ್ದೆಯಡಿ ಮಗುವಿನ ಹೇಳಿಕೆಯನ್ನು ಅವಳಿಗೆ ಅನುಕೂಲವಾದ ಜಾಗದಲ್ಲಿ, ಮನೆಯಲ್ಲೇ ಆದರೂ, ಸಮವಸ್ತ್ರವಿಲ್ಲದ ಅಧಿಕಾರಿ ಪಡೆಯಬೇಕು. ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಇರಬೇಕು. ರಾತ್ರಿ ಅವಳನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ.

ಫೋಟೊ ಹರಡುವ ಭಯಕ್ಕೆ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಇದೆ. ಅಮೆರಿಕದ ಎನ್‌ಸಿಎಂಇಸಿ ಎಂಬ ಸಂಸ್ಥೆ ನಡೆಸುತ್ತದೆ, ಎಲ್ಲ ದೇಶದ ಮಕ್ಕಳಿಗೂ ತೆರೆದಿದೆ. ಚಿತ್ರ ನಿಮ್ಮ ಫೋನಿನಿಂದ ಹೊರಗೆ ಹೋಗುವುದಿಲ್ಲ. ಅದರ ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ಹೋಗುತ್ತದೆ. ಒಪ್ಪಂದ ಮಾಡಿಕೊಂಡ ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಂಥ ತಾಣಗಳು ಆ ಸಂಕೇತ ಹೊಂದುವ ಚಿತ್ರವನ್ನು ತಡೆಯುತ್ತವೆ. ಹಾಗಾಗಿ ಈ ಕೆಲಸ ಮುಗಿಯುವವರೆಗೆ ಮೂಲ ಚಿತ್ರವನ್ನು ಅವಳ ಫೋನಿನಿಂದ ಅಳಿಸಬೇಡಿ. ಇವತ್ತು ರಾತ್ರಿ ಅವಳ ಜೊತೆಯಲ್ಲೇ ಮಲಗಿಕೊಳ್ಳಿ.